ಕಿರುಗಿರುಬನ ಕರೆ

ಆ ದನಿಯನ್ನು ಯಾವ ಮನುಷ್ಯನೂ ಕೇಳಿದ್ದಿಲ್ಲ. ಅದನ್ನು ಕೂಗಿದ ಕೊನೆಯ ತಾಯಿ ಸತ್ತು ಐವತ್ತು ಲಕ್ಷ ವರ್ಷಕ್ಕೂ ಮೇಲಾಗಿತ್ತು. ಕಲ್ಲಾಗಿ ಸಿಕ್ಕ ತಲೆಬುರುಡೆಯ ಅಳತೆ, ದವಡೆಯ ಅಳತೆ, ಗಂಟಲಿನ ಅಂದಾಜು ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಇಂಥ ಗಂಟಲಿನಿಂದ ಇಂಥ ದನಿಯೇ ಹೊರಟಿರಬೇಕು ಎಂದು ಲೆಕ್ಕ ಕಟ್ಟಿ ಅದನ್ನು ಮತ್ತೆ ಹುಟ್ಟಿಸಿದ್ದರು. ಕಲ್ಲುಗುಂಡುಗಳ ನಡುವೆ ಕಟ್ಟಿದ ಸಿಮೆಂಟಿನ ಬಿಲದ ಬಾಯಲ್ಲಿ ಅಂಗೈಯಗಲದ ಸ್ಪೀಕರು ಮೂರು ದಿನದಿಂದ ಅದನ್ನೇ ಕೂಗುತ್ತಿತ್ತು. ಒಳಗಿದ್ದ ನಾಲ್ಕು ಮರಿಗಳಲ್ಲಿ ಒಂದೂ ಹೊರಗೆ ಮೂತಿ ಹಾಕಲಿಲ್ಲ.

ಬಿಲದ ಎದುರು ಮೈಲವ್ವ ಕರಿಕಂಬಳಿ ಹೊದ್ದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಹಾಲಿನ ಬಾಟಲಿಗಳನ್ನು ಸೆರಗಿನಲ್ಲಿ ಬೆಚ್ಚಗಿಟ್ಟುಕೊಂಡು ಕೂತಿದ್ದಳು. ಮರಿಗಳಿಗೆ ಮನುಷ್ಯರ ಮುಖ ಕಾಣಬಾರದು, ಮನುಷ್ಯರ ದನಿ ಕೇಳಬಾರದು. ಅದು ಕೇಂದ್ರದ ಮೊದಲನೆಯ ನಿಯಮ. ಮನುಷ್ಯರಿಗೆ ಒಗ್ಗಿದ ಪ್ರಾಣಿಯನ್ನು ಮತ್ತೆ ಅಡವಿಗೆ ಬಿಡುವಂತಿಲ್ಲ. ಅದು ಬದುಕಿದಷ್ಟು ಕಾಲ ಪಂಜರವೇ ಗತಿ.

"ಇನ್ನೊಂದು ಸಲ ಹಾಕ್ತೀನಿ, ಅಲ್ಲಾಡ್ದೆ ಕೂತಿರಿ ಮೈಲವ್ವ," ಎಂದು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದೊಳಗಿಂದ ಡಾಕ್ಟರ್ ವಿಶಾಲಾಕ್ಷಿಯವರ ದನಿ ಬಂತು. ಸ್ಪೀಕರು ಮತ್ತೆ ಕೂಗಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು. ಒಳಗೆ ಪುಟ್ಟ ಉಗುರುಗಳು ಇನ್ನಷ್ಟು ಹಿಂದಕ್ಕೆ ಸರಿದದ್ದು ಮೈಲವ್ವನಿಗೆ ಕೇಳಿಸಿತು.

ಕೊಪ್ಪಳದ ಕಡೆಯ ಆ ಕಲ್ಲುಗುಡ್ಡದ ಸೀಮೆಯಲ್ಲಿ ಕೇಂದ್ರ ಶುರುವಾಗಿ ಆರು ವರ್ಷವಾಗಿತ್ತು. ಅದಕ್ಕೆ ಸರ್ಕಾರಿ ಹೆಸರೊಂದಿತ್ತು. ಊರವರು 'ಕಿರುಬನ ದವಾಖಾನಿ' ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಡಾಕ್ಟರು ಮೈಲವ್ವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ನಮ್ಮ ಕತ್ತೆಕಿರುಬವೂ ಸೇರಿ ಈಗ ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ಬಗೆಯ ಕಿರುಬಗಳು. ಒಂದು ಕಾಲಕ್ಕೆ ಹತ್ತಾರು ಬಗೆಯವಿದ್ದವು. ಮೊಟ್ಟಮೊದಲಿನವು ಪುನುಗುಬೆಕ್ಕಿನಷ್ಟೇ ಇದ್ದು ಮರವನ್ನೂ ಹತ್ತುತ್ತಿದ್ದವು. ಆಮೇಲಿನವು ನರಿಯಂತೆ ಹುಲ್ಲಿನಲ್ಲಿ ಓಡಾಡಿ ಹುಳು, ಇಲಿ, ಹಕ್ಕಿಮರಿ ತಿಂದುಕೊಂಡಿದ್ದವು. ಎಲುಬು ಕಡಿಯುವ ದವಡೆ ಅವಕ್ಕಿರಲಿಲ್ಲ.

"ಮತ್ತ ಅವೆಲ್ಲಾ ಎಲ್ಲಿ ಹೋದುವ್ರಿ?" ಎಂದು ಮೈಲವ್ವ ಕೇಳಿದ್ದಳು.

"ನಾಯಿಗಳು ಬಂದ್ವು. ನಾಯಿ, ತೋಳ, ನರಿ, ಎಲ್ಲಾದಕ್ಕೂ ಮೂಲ ಅಮೆರಿಕದ ಕಡೆ. ಆಗ ಸಮುದ್ರ ತಗ್ಗಿ ನೆಲ ಕೂಡಿತ್ತು, ದಾಟಿಕೊಂಡು ಬಂದ್ವು. ಅದೇ ಹುಲ್ಲು, ಅದೇ ಬೇಟೆ. ಎಲುಬು ಕಡಿಯೋದು ಕಲಿತ ದೊಡ್ಡ ಕಿರುಬ ಉಳೀತು. ಗೆದ್ದಲು ಒಂದನ್ನೇ ತಿಂತೀನಿ ಅಂತ ಪಕ್ಕಕ್ಕೆ ಸರಿದದ್ದೂ ಉಳೀತು. ನಡುವೆ ಇದ್ದ ಚಿಕ್ಕವೆಲ್ಲ ಹೋದ್ವು. ನಾಯಿಗಳೊಂದೇ ಕಾರಣ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಅವು ಬಂದ್ವು, ಇವು ಹೋದ್ವು. ಕಲ್ಲು ಹೇಳೋದು ಇಷ್ಟೇ."

"ನಡುವಿನವರ ಹಣೆಬರಾನೇ ಅಷ್ಟರೀ ಮೇಡಮ್ಮಾರ," ಎಂದಿದ್ದಳು ಮೈಲವ್ವ. ಡಾಕ್ಟರು ನಕ್ಕಿದ್ದರು.

ಅಷ್ಟು ಹಳೆಯ ಪ್ರಾಣಿಯ ವಂಶಾಣು ಎಲ್ಲಿಯೂ ಸಿಕ್ಕುವುದಿಲ್ಲ. ಎಲುಬು ಕಲ್ಲಾಗುವ ಹೊತ್ತಿಗೆ ಅದು ಅಳಿಸಿಹೋಗಿರುತ್ತದೆ. ಅದಕ್ಕೆ ಇವರು ಹಿಂದುಮುಂದಾಗಿ ಹೊರಟಿದ್ದರು. ನಾಲ್ಕು ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಇವನ ಮೂಗು, ಅವಳ ಹುಬ್ಬು ನೋಡಿ, ಯಾರೂ ಕಾಣದ ಮುತ್ತಜ್ಜಿಯ ಮುಖ ಬರೆದ ಹಾಗೆ. ಉಳಿದ ನಾಲ್ಕು ಕಿರುಬಗಳ ವಂಶಾಣುಗಳನ್ನು ಪಕ್ಕಪಕ್ಕಕ್ಕಿಟ್ಟು, ಮುಂಗುಸಿಯದನ್ನೂ ಪುನುಗುಬೆಕ್ಕಿನದನ್ನೂ ಸಾಕ್ಷಿಗೆ ಕರೆದು, ಕಂಪ್ಯೂಟರು ಮುತ್ತಜ್ಜಿಯನ್ನು ಅಕ್ಷರ ಅಕ್ಷರವಾಗಿ ಬರೆಯಿತು. ಆ ಬರಹವನ್ನು ಒಂದು ಕತ್ತೆಕಿರುಬದ ಗರ್ಭದಲ್ಲಿ ಬೆಳೆಸಿದರು. ಅದು ಹೆತ್ತಿತು, ಮೂಸಿ ನೋಡಿತು, ಮುಖ ತಿರುಗಿಸಿ ಮಲಗಿತು. ಮರಿಗಳಿಗೆ ಮೈ ಬಂದಿತ್ತು, ತಾಯಿ ಬಂದಿರಲಿಲ್ಲ. ಕಣ್ಣು ಬಿಡುವವರೆಗೆ ನಳಿಗೆಯಲ್ಲಿ ಹಾಲು ಹನಿಸಿ, ಆಮೇಲೆ ಈ ಬಿಲಕ್ಕೆ ಬಿಟ್ಟಿದ್ದರು. ತಾಯಿ ಕರೆಯುವ ತನಕ ಒಳಗೇ ಇರಬೇಕು ಎಂಬುದು ಅವುಗಳ ರಕ್ತದಲ್ಲಿತ್ತು. ಕೈ ಹಾಕಿದರೆ ಕೈಗೆ ನಿಲುಕದ ಮೂಲೆಗೆ ಸೇರುತ್ತಿದ್ದವು.

ಆ ಸಂಜೆ ಮೈಲವ್ವ ಮನೆಗೆ ಬಂದಾಗ ಅವಳ ಅಣ್ಣ ಮಾಳಪ್ಪ ಕುರಿಹಟ್ಟಿಯ ಬಾಗಿಲಲ್ಲಿ ನಿಂತು ನಾಯಿಗಳಿಗೆ ರೊಟ್ಟಿ ಹಾಕುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಕಟ್ಟಿಕೊಂಡು ಬಂದು ಸೇರಿದ್ದು ಈ ಅಣ್ಣನ ಮನೆಯನ್ನೇ.

"ಕುರ್ ಕುರ್ ಕುರ್ರೋ... ಕುರ್ ಕುರ್ ಕುರ್ರೋ..."

ಎರಡು ಗಿಡ್ಡ, ಒಂದು ಉದ್ದ. ಅವರ ಅಪ್ಪ ನಾಲಿಗೆ ಮಡಚಿ ಹಾಗೆ ಕೂಗುತ್ತಿದ್ದ. ಅವನ ಅಪ್ಪನೂ ಹಾಗೇ ಕೂಗುತ್ತಿದ್ದನಂತೆ. ಊರಿನಲ್ಲಿ ಒಂದೊಂದು ಹಟ್ಟಿಯವರದು ಒಂದೊಂದು ಕೂಗು. ಗುಡ್ಡದ ಆಚೆಯಿದ್ದರೂ ನಾಯಿಗಳು ತಮ್ಮ ಹಟ್ಟಿಯದನ್ನು ಗುರುತಿಸುತ್ತಿದ್ದವು.

"ಏನಂತಾವು ನಿನ್ನ ಕೂಸುಗಳು?" ಎಂದು ಅತ್ತಿಗೆ ಫಕೀರವ್ವ ಒಲೆಯ ಮುಂದಿನಿಂದ ಕೇಳಿದಳು.

"ಹೊರಗ ಬರವೊಲ್ಲವು ಅತ್ತಿಗಿ. ಹಾಲು ಕುಡಿದು ಮೂರು ದಿನ ಆತು."

"ಹೆಸರರ ಇಟ್ಟಾರಿಲ್ಲ ಅವಕ್ಕ?"

"ಇಂಗ್ಲಿಷಿನಾಗ ಮೊಳದುದ್ದದ್ದು ಐತಿ. ಮೇಡಮ್ಮಾರು ಕನ್ನಡದಾಗ 'ಕಿರುಗಿರುಬ' ಅಂತಾರ. ಸಣ್ಣ ಕಿರುಬ."

"ಕಿರುಗಿರುಬ," ಎಂದು ಮೈಲವ್ವನ ಒಂಬತ್ತು ವರ್ಷದ ಮಗಳು ಅನ್ನಪೂರ್ಣ ಪಾಟಿಯ ಮೇಲಿನಿಂದ ತಲೆಯೆತ್ತದೆ ಹೇಳಿದಳು. "ನಮ್ಮ ಅತ್ತಿ ಗುರುಗುರು ಅಂದಂಗ."

ಮಾಳಪ್ಪ ಮೀಸೆಯಲ್ಲೇ ನಕ್ಕ. ಫಕೀರವ್ವ ಲಟ್ಟಣಿಗೆ ಎತ್ತಿ ತೋರಿಸಿದಳು.

ಊಟಕ್ಕೆ ಕೂತಾಗ ಅನ್ನಿ ತಟ್ಟೆ ಮುಟ್ಟಲಿಲ್ಲ. ಮೈಲವ್ವ ಎರಡು ಸಲ ಕರೆದಳು. ಹುಡುಗಿ ಕೂತಲ್ಲೇ ಕೂತಿತ್ತು.

"ಕರದ್ರ 'ಓ' ಅನ್ನಬೇಕು. ಬರಾಕ ಆಗದಿದ್ರೂ 'ಓ' ಅನ್ನಬೇಕು. ಅದ ಕಲಿಸೀನಿಲ್ಲ ನಿನಗ?"

"ಓ," ಎಂದಳು ಅನ್ನಿ. "ನಿನ್ನೆ ನನಗ ಜ್ವರ ಇದ್ದುವು. ನಾನೂ ಕರದಿದ್ದೆ. ನೀ ಓ ಅನ್ನಲಿಲ್ಲ."

ಮೈಲವ್ವ ಮಗಳ ಹಣೆ ಮುಟ್ಟಿ ನೋಡಿದಳು. ಜ್ವರ ಬಿಟ್ಟಿತ್ತು. ಅದು ಬಿಟ್ಟಾಗಲೂ ತಾನು ಹತ್ತಿರವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಾಲ್ಕರಲ್ಲಿ ಮೂರನೆಯ ನಂಬರಿನ ಮರಿ ಸತ್ತಿತು. ಬಿಲದೊಳಗಿನ ಕ್ಯಾಮರಾದಲ್ಲಿ ಉಸಿರಾಟ ನಿಂತದ್ದು ಕಂಡಿತು. ಉಳಿದ ಮೂರು ಅದರ ಮೇಲೆಯೇ ಬಿದ್ದು ಮಲಗಿದ್ದವು, ಇನ್ನೂ ಬೆಚ್ಚಗಿತ್ತೇನೋ. ಸ್ಪೀಕರು ಕೂಗುತ್ತಲೇ ಇತ್ತು. ಮೈಲವ್ವನ ಸೆರಗಿನಲ್ಲಿ ಹಾಲು ಹುಳಿವಾಸನೆ ಹೊಡೆಯತೊಡಗಿತ್ತು.

ಆಗ ಅವಳ ಬಾಯಿ ಅವಳನ್ನು ಕೇಳದೆ ಕೂಗಿತು. ದೊಡ್ಡ ದನಿಯಲ್ಲಲ್ಲ. ಚಳಿಗೆ ನಡುಗುವ ನಾಯಿಮರಿಯನ್ನು ಕಂಬಳಿಯೊಳಗೆ ಕರೆದುಕೊಳ್ಳುವಾಗ ಅಪ್ಪ ಹೇಗೆ ಪಿಸುಗುಟ್ಟುತ್ತಿದ್ದನೋ ಹಾಗೆ. ಕುರ್ ಕುರ್ ಕುರ್ರೋ.

ಬಿಲದ ಕತ್ತಲಲ್ಲಿ ಎರಡು ಕಿವಿ ಎದ್ದವು. ಎಲ್ಲಕ್ಕಿಂತ ಚಿಕ್ಕದು, ನಾಲ್ಕನೆಯದು, 'ಊಂ' ಎಂದು ಗಂಟಲಲ್ಲೇ ಒಂದು ದನಿ ಮಾಡಿ ತೆವಳುತ್ತ ಬೆಳಕಿಗೆ ಬಂತು. ಪಕ್ಕೆಯ ಮೇಲೆ ಬೂದು ಪಟ್ಟೆ, ಮುಂಗುಸಿಯಂಥ ಮೂತಿ. ಅದರ ಹಿಂದೆ ಒಂದನೆಯದು, ಎರಡನೆಯದು. ಮೂರೂ ಅವಳ ತೊಡೆಯ ಮೇಲೆ ಹತ್ತಿ ಬಾಟಲಿಗೆ ಬಾಯಿ ಹಾಕಿದವು.

"ಬಂದ್ವು!" ಕಿವಿಯಲ್ಲಿ ಡಾಕ್ಟರು ಅಳುತ್ತಿದ್ದರು. "ಕೂಗು ಕೆಲಸ ಮಾಡ್ತು ಮೈಲವ್ವ. ನಮ್ಮ ಲೆಕ್ಕ ಸರಿಯಾಗಿತ್ತು."

ಸ್ಪೀಕರಿನ ಸದ್ದು ಬಿಲದ ಬಳಿಯ ಮೈಕಿಗೆ ಹೊಕ್ಕು ಕಿರುಚದಿರಲಿ ಎಂದು, ಸ್ಪೀಕರು ಕೂಗುವಾಗಲೆಲ್ಲ ಮೈಕು ತಾನಾಗಿ ಬಂದ್ ಆಗುವಂತೆ ಮಾಡಿದ್ದರು. ಹಾಗಾಗಿ ನಿಯಂತ್ರಣ ಕೋಣೆಯಲ್ಲಿ ಯಾರಿಗೂ ಮೈಲವ್ವನ ಕೂಗು ಕೇಳಿಸಿರಲಿಲ್ಲ. ಅವಳು ಹೇಳಬೇಕೆಂದು ಬಾಯಿ ತೆರೆದಳು. ತೊಡೆಯ ಮೇಲೆ ನಾಲ್ಕನೆಯದು ಹಾಲು ಚೀಪುತ್ತ ಚೀಪುತ್ತಲೇ ನಿದ್ದೆ ಹೋಗಿತ್ತು. ಹೇಳಿದರೆ ಇದಕ್ಕೆ ಸಾಯುವ ತನಕ ಪಂಜರ. ಬಾಯಿ ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಸ್ಪೀಕರು ಕೂಗಿತು, ಅದರ ಅಡಿಯಲ್ಲಿ ಅವಳೂ ಕೂಗಿದಳು. ನಾಡಿದ್ದೂ ಹಾಗೇ. ಆರು ತಿಂಗಳು ಹಾಗೇ.

ಹೆಸರಿಡಬಾರದು ಎಂಬುದು ಎರಡನೆಯ ನಿಯಮ. ಆದರೆ ಮನಸ್ಸಿನಲ್ಲಿ ಅವಳು ನಾಲ್ಕನೆಯದನ್ನು ನಾಕವ್ವ ಎನ್ನುತ್ತಿದ್ದಳು. ಉಳಿದೆರಡು ಕರೆದರೆ ಬರುತ್ತಿದ್ದವು. ನಾಕವ್ವ ಮಾತ್ರ ಮೊದಲು 'ಊಂ' ಎಂದು ಆಮೇಲೆ ಬರುತ್ತಿತ್ತು. ಮನೆಯಲ್ಲಿ ಒಂದು ದಿನ ಅನ್ನಿಗೆ ಇದನ್ನು ಹೇಳಿದಳು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು.

"ನನ್ನೂ ಹಂಗ ಕರಿ," ಎಂದಳು ಅನ್ನಿ.

"ನೀ ಏನ್ ನಾಯಿಮರಿ ಏನು?"

"ಅವು ಏನ್ ನಾಯಿಮರಿ ಏನು? ಕರಿ ಅಂದ್ರ ಕರಿ."

ಮೈಲವ್ವ ಕರೆದಳು. ಅನ್ನಿ ಅಂಗಳದ ಆ ತುದಿಯಿಂದ ಅಂಬೆಗಾಲಿಟ್ಟು ಬಂದು, ಅವಳ ತೊಡೆಯ ಮೇಲೆ ತಲೆಯಿಟ್ಟು 'ಊಂ' ಎಂದಳು. ಆ ಮಧ್ಯಾಹ್ನ ಇಬ್ಬರೂ ನಕ್ಕಷ್ಟು ಆ ವರ್ಷ ಮತ್ತೆ ನಗಲಿಲ್ಲ.

ಬಿಡುಗಡೆಯ ಹಿಂದಿನ ದಿನ ಡಾಕ್ಟರು ಒಂದು ಕಾಗದ ಹಿಡಿದು ಬಂದರು. "ಇದು ಕೇಳಲೇಬೇಕು ಮೈಲವ್ವ, ಬೇಜಾರು ಮಾಡ್ಕೋಬೇಡಿ. ಇವಕ್ಕೆ ನಿಮ್ಮ ದನಿ ಗೊತ್ತಾ?"

ಆವರಣದ ಬೇಲಿಯುದ್ದಕ್ಕೂ ಮೂರೂ ಪ್ರಾಣಿಗಳು ಹೋಗಿ ಬಂದು, ಹೋಗಿ ಬಂದು, ನೆಲದಲ್ಲಿ ದಾರಿಯೇ ಬಿದ್ದಿತ್ತು. ಮೈಲವ್ವ ಆ ದಾರಿಯನ್ನು ನೋಡಿದಳು.

"ಇಲ್ರಿ," ಎಂದಳು.

ಅಡವಿಯಲ್ಲಿ ತನ್ನ ದನಿ ಎಲ್ಲಿರುತ್ತದೆ, ಎರಡು ವಾರದಲ್ಲಿ ಮರೆಯುತ್ತವೆ ಎಂದು ಅವಳ ಲೆಕ್ಕ. ಮಾಳಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿ ಎರಡು ತಿಂಗಳಾಗಿತ್ತು; ಹಟ್ಟಿ ಖಾಲಿಯಿತ್ತು, ನಾಯಿಗಳೂ ಇರಲಿಲ್ಲ. ಮನೆಯಲ್ಲಿ ದಿನಾ ಕೇಳುವ ಸದ್ದು ನಿಂತಾಗ ಅದು ನಿಂತಿದೆಯೆಂದೂ ಗೊತ್ತಾಗುವುದಿಲ್ಲ. ಆ ಕೂಗು ತನ್ನೊಬ್ಬಳದಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಬೆಳಗಿನ ಹೊತ್ತು ಬೇಲಿ ತೆಗೆದರು. ಮೂರೂ ಹಿಂದಿರುಗಿ ನೋಡದೆ ಹುಲ್ಲಿನಲ್ಲಿ ಇಳಿದು ಹೋದವು. ಕೊರಳಪಟ್ಟಿಯಲ್ಲಿ ಅವು ಇರುವ ಜಾಗ ತಿಳಿಸುವ ಯಂತ್ರವೂ, ಅವುಗಳ ದನಿ ಕೇಳಲು ಬಟಾಣಿಯಷ್ಟು ಮೈಕೂ ಇದ್ದವು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಮೂರು ಹಸಿರು ಚುಕ್ಕೆಗಳು ಗುಡ್ಡದ ತಪ್ಪಲಲ್ಲಿ ಹರಿದಾಡತೊಡಗಿದವು. ಅವು ಗೆದ್ದಲು ಕೆರೆಯುವ ಸದ್ದು, ಮಿಡತೆ ಜಗಿಯುವ ಸದ್ದು ಕೇಳಿ ಕೋಣೆಯಲ್ಲಿದ್ದವರೆಲ್ಲ ಮಕ್ಕಳಾದರು. "ಕೇಳಿ, ಕೇಳಿ, ಊಟ ಮಾಡ್ತಿದೆ," ಎನ್ನುತ್ತಿದ್ದರು ಡಾಕ್ಟರು, ಹೊಸ ಬಾಣಂತಿಯ ತಾಯಿಯ ಹಾಗೆ.

ಹನ್ನೊಂದನೆಯ ದಿನ, ಹೊತ್ತು ಮುಳುಗುವ ಹೊತ್ತು. ಮೈಲವ್ವ ಮನೆಗೆ ಹೋಗುವ ಮುಂಚೆ ಒಂದು ಸಲ ಕೇಳಿಹೋಗೋಣವೆಂದು ಕೋಣೆಗೆ ಬಂದಿದ್ದಳು. ಮೈಕಿನಲ್ಲಿ ಗಾಳಿ, ಒಣಹುಲ್ಲು, ದೂರದಲ್ಲಿ ಕುರಿಗಳ ಗಂಟೆ. ಆಮೇಲೆ ತೆಳ್ಳಗೆ:

"ಕುರ್ ಕುರ್ ಕುರ್ರೋ..."

ಸತ್ತ ಅಪ್ಪನ ಕೂಗು. ಅಣ್ಣನ ದನಿ. ಹೊಳೆಯ ಕಡೆಯಿಂದ ತಿರುಗಿ ಬಂದಿದ್ದ.

ಪರದೆಯ ಮೇಲೆ ಮೂರು ಚುಕ್ಕೆಗಳೂ ನಿಂತವು. ತಿರುಗಿದವು. ನೇರವಾಗಿ ಓಡತೊಡಗಿದವು.

"ಏನಾಯ್ತು ಇವಕ್ಕೆ? ಯಾಕೆ ಎಲ್ಲಾ ಒಂದೇ ಕಡೆ?" ಡಾಕ್ಟರು ಎದ್ದು ನಿಂತರು.

ಮೈಲವ್ವನ ಕೈ ಆಗಲೇ ಫೋನಿನ ಮೇಲಿತ್ತು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಫೋನು ಮೆಲ್ಲಗೆ ಹೇಳಿತು.

"ನಮ್ಮಣ್ಣರೀ. ನಾಯಿ ಕರಿಯಾಕ ಹತ್ತ್ಯಾನ. ಅವು... ಅವಕ್ಕ ಅದ ಕರೆ ಗೊತ್ತ್ರೀ. ನಿಮ್ಮ ಸ್ಪೀಕರಿಗೆ ಬಂದಿಲ್ಲ ಅವು. ನಾ ಕರದಿದ್ದೆ. ದಿನಾ ನಾ ಕರದಿದ್ದೆ."

ಡಾಕ್ಟರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆವರಣದ ಮೇಲೆ ಹಾಕಿದ್ದ ದೊಡ್ಡ ಧ್ವನಿವರ್ಧಕದ ಮೈಕನ್ನು ಕಿತ್ತು ಅವಳ ಕೈಗೆ ಕೊಟ್ಟರು. "ಹಾಗಾದ್ರೆ ಕರೀರಿ. ಈ ಕಡೆ ಕರೀರಿ."

ಮೈಲವ್ವ ಮೈಕನ್ನು ಬಾಯಿಗೆ ಹಿಡಿದಳು. ನಾಲಿಗೆ ಮಡಚಿದಳು. ಅಲ್ಲಿಗೆ ನಿಂತಿತು.

"ನಾಯಿನೂ ಬರ್ತಾವ್ರಿ," ಎಂದಳು. "ಅವಕ್ಕೂ ಇದ ಕರೆ. ನಾ ಕರದ್ರ ಎಲ್ಲಾ ಕೂಡೇ ಬರ್ತಾವು."

ಮೈಕು ಹಿಡಿದ ಕೈ ಹಾಗೇ ಇತ್ತು. ಕೋಣೆಯ ಸ್ಪೀಕರಿನಲ್ಲಿ ಮೊದಲು ಬೊಗಳು ಕೇಳಿತು. ಆಮೇಲೆ ಕೇಳಿದ್ದನ್ನು ಯಾರೋ ಕೈ ಚಾಚಿ ಬಂದ್ ಮಾಡಿದರು. ಒಂದನೆಯ ಚುಕ್ಕೆ ನಿಂತಿತು. ಎರಡನೆಯ ಚುಕ್ಕೆ ನಾಲ್ಕು ಮಾರು ಹಿಂದಕ್ಕೆ ಬಂದು ನಿಂತಿತು. ನಾಕವ್ವ ಎಂದಿನಂತೆ ಹಿಂದೆ ಬಿದ್ದಿತ್ತು. ಓಡುವ ಮುಂಚೆ 'ಊಂ' ಎಂದು ಒಂದು ಗಳಿಗೆ ತಡೆದಿತ್ತೋ ಏನೋ. ಆ ಚುಕ್ಕೆ ಪಕ್ಕದ ಕಲ್ಲುಗುಂಡುಗಳ ಸಂದಿಗೆ ನುಗ್ಗಿ ಅಲ್ಲೇ ಉಳಿಯಿತು.

ಮಾಳಪ್ಪ ಮರುದಿನ ಕೇಂದ್ರಕ್ಕೆ ಬಂದ. ಎರಡನ್ನೂ ತನ್ನ ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದ. ರುಮಾಲು ಕೈಯಲ್ಲಿ ಹಿಡಿದು, "ನರಿ ಅಂತ ತಿಳಿದೆವ್ವಾ," ಎಂದ. "ಬೆದರಿ ಓಡೋ ಪ್ರಾಣಿ ಅಲ್ಲೇನು? ಇವು ನನ್ನ ಕಡೇನ ಬಂದುವು. ಕಾಲಾಗ ಬಂದು ನಿಂತುವು. ನಾಯಿ ಬಿಡಿಸೋದ್ರಾಗ..." ಕಂಬಳಿಯ ಗಂಟನ್ನು ನೆಲಕ್ಕಿಟ್ಟ. "ಅಪ್ಪನ ಕೂಗು ಇನ್ನ ಸಾಕು ಬಿಡು ತಂಗಿ. ನಾಯಿಗೆ ಸಿಳ್ಳು ಕಲಿಸ್ತೀನಿ."

ಡಾಕ್ಟರು ಮೈಲವ್ವನ ಮೇಲೆ ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನೀವು ಹೇಳಿದ್ರೆ ನಾನು ಬಿಡ್ತಿರಲಿಲ್ಲ," ಎಂದರು. "ಪಂಜರದಲ್ಲಿರ್ತಿದ್ವು. ಇರ್ತಿದ್ವು. ಬಿಲದ ಮೈಕ್ ಬಂದ್ ಮಾಡಿಸಿದ್ದು ನಾನೇ. ನಮ್ಮ ಲೆಕ್ಕದ ಸದ್ದು ಬಿಟ್ಟು ಬೇರೆ ಯಾವುದೂ ಕೇಳೋ ಮನಸ್ಸಿರಲಿಲ್ಲ ನನಗೆ," ಎಂದರು.

ಆಮೇಲೆ ವಿಷಯಕ್ಕೆ ಬಂದರು. ನಾಕವ್ವ ಬೋನಿಗೆ ಬೀಳುವುದಿಲ್ಲ. ಅದಕ್ಕೆ ಎರಡೇ ದಾರಿ. ಮೈಲವ್ವ ಕರೆದು ಹಿಡಿದರೆ ಪಂಜರ. ಇಲ್ಲವೇ ಆ ಕರೆಯನ್ನು ಅದಕ್ಕೆ ಮರೆಸಬೇಕು. ಬರುವ ಚಳಿಗಾಲಕ್ಕೆ ಹೊಸ ಮರಿಗಳು ಹುಟ್ಟುತ್ತವೆ. ಅಡವಿ ಬಲ್ಲ ಹಿರಿಯದೊಂದು ಅಲ್ಲಿದ್ದರೆ ಅವಕ್ಕೆ ತಾಯಿಯಾಗಬಹುದು. ಆದರೆ ಮನುಷ್ಯರು ಕರೆದರೆ ಬರುವ ತಾಯಿ ಬೇಡ.

ಪಂಜರವಾದರೆ ದಿನಾ ಕರೆಯಬಹುದು ಎಂದು ಮೈಲವ್ವ ಯೋಚಿಸಿದಳು. ದಿನಾ 'ಊಂ' ಎಂದು ಬರುತ್ತದೆ. ಬೇಲಿಯುದ್ದಕ್ಕೂ ಬಿದ್ದಿದ್ದ ದಾರಿ ಕಣ್ಣಿಗೆ ಬಂತು.

"ಮರಸೂದು ಹೆಂಗ್ರಿ?" ಎಂದು ಕೇಳಿದಳು.

ಕರೆಯಬೇಕು. ಬಂದಾಗ ಹೊಡೆಯಬೇಕು. ಅದು ಬಿಟ್ಟು ಬೇರೆ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ.

ಮೊದಲನೆಯ ಸಂಜೆ ಗುಡ್ಡದ ತಪ್ಪಲಲ್ಲಿ ನಿಂತು ಕರೆದಳು. ಸಂದಿಯಿಂದ ಮೂತಿ ಬಂತು, 'ಊಂ' ಎಂದಿತು, ಓಡಿ ಬಂದು ಅವಳ ಸೀರೆಯ ಅಂಚನ್ನು ಮೂಸಿತು. ಕೈಯಲ್ಲಿದ್ದ ಮಣ್ಣಿನ ಹೆಂಟೆಯನ್ನು ಅವಳು ಪಕ್ಕಕ್ಕೆ ಎಸೆದಳು. ಅದು ಆಟವೆಂದು ತಿಳಿದು ಹೆಂಟೆಯ ಹಿಂದೆ ಓಡಿತು. "ತಾಗಬೇಕು ಮೈಲವ್ವ," ಎಂದರು ಡಾಕ್ಟರು ಕಿವಿಯಲ್ಲಿ. ಎರಡನೆಯ ಸಂಜೆ ತಾಗಿತು. ಕುಂಯ್ ಎಂದು ಕೂತು, ಹೊಡೆದವರು ಯಾರೆಂದು ಸುತ್ತಲೂ ಹುಡುಕಿತು. ಅವಳನ್ನು ಬಿಟ್ಟು ಎಲ್ಲ ಕಡೆ ನೋಡಿತು. ಮೂರನೆಯ ಸಂಜೆ ಅವಳನ್ನೇ ನೋಡಿತು.

ಮನೆಯಲ್ಲಿ ಅವಳು ಊಟಕ್ಕೆ ಕೂತಾಗ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು. ಫಕೀರವ್ವ ಏನೂ ಕೇಳದೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಅಂಗಳದಲ್ಲಿ ಮಾಳಪ್ಪ ಸಿಳ್ಳು ಹಾಕಿದರೆ ನಾಯಿಗಳು ಅರ್ಥವಾಗದೆ ಅವನ ಬಾಯನ್ನೇ ನೋಡುತ್ತಿದ್ದವು. "ಅವ್ವಾ, ನನ್ನ ಹಂಗ ಕರಿಯವಲ್ಲಿ ಈಗ," ಎಂದಳು ಅನ್ನಿ ಒಮ್ಮೆ. "ಅನ್ನೀ," ಎಂದು ಹೆಸರು ಹಿಡಿದು ಕರೆದಳು ಮೈಲವ್ವ. ಹುಡುಗಿ ಸುಮ್ಮನೆ ಬಂದು ಪಕ್ಕದಲ್ಲಿ ಕೂತಳು.

ಒಂಬತ್ತನೆಯ ಸಂಜೆ ಕರೆದಾಗ ಹುಲ್ಲು ಅಲ್ಲಾಡಲಿಲ್ಲ. ಮತ್ತೆ ಕರೆದಳು. ಹೆಂಟೆ ಹಿಡಿದ ಕೈ ಬೆವರಿ ಮಣ್ಣು ಕೆಸರಾಯಿತು. ಚುಕ್ಕೆ ಇನ್ನೂರು ಮೀಟರಿನಾಚೆ ನಿಂತಿದೆ, ಬರುತ್ತಿಲ್ಲ ಎಂದು ಕಿವಿಯಲ್ಲಿ ಹೇಳಿದರು. ಸ್ವಲ್ಪ ಹೊತ್ತು ನಿಂತು, ತಿರುಗಿ ಗುಡ್ಡದ ಆಚೆ ಇಳಿದುಹೋಯಿತು ಎಂದರು.

"ಗೆದ್ವಿ," ಎಂದರು ಡಾಕ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮೈಲವ್ವನನ್ನು ಕೋಣೆಗೆ ಕರೆಸಿದರು. ಕೊರಳಪಟ್ಟಿಯ ಮೈಕಿನಲ್ಲಿ ಹಿಂದಿನ ಸಂಜೆಯದೆಲ್ಲ ಉಳಿದಿತ್ತು. "ಇದೊಂದು ಸದ್ದು ಕೇಳಿ. ಏನಂತ ತಿಳೀತಿಲ್ಲ," ಎಂದು ಹಚ್ಚಿದರು.

ಗಾಳಿ. ಒಣಹುಲ್ಲು. ದೂರದಿಂದ, ಬಹಳ ದೂರದಿಂದ, ಒಬ್ಬ ಹೆಂಗಸಿನ ದನಿ: ಕುರ್ ಕುರ್ ಕುರ್ರೋ. ಅಡವಿಯಲ್ಲಿ ನಿಂತವರಿಗೆ ತನ್ನ ದನಿ ಇಷ್ಟು ಸಣ್ಣಗೆ ಕೇಳಿಸುತ್ತದೆ ಎಂದು ಮೈಲವ್ವನಿಗೆ ಗೊತ್ತಿರಲಿಲ್ಲ. ಆಮೇಲೆ, ಮೈಕಿನ ಪಕ್ಕದಲ್ಲೇ ಇದ್ದ ಗಂಟಲಿನಿಂದ, ಯಾರಿಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ:

"ಊಂ."

ಮತ್ತೆ ಕರೆ. ಮತ್ತೆ, "ಊಂ." ಆಮೇಲೆ ಹೆಜ್ಜೆ ಸಪ್ಪಳ, ದೂರ ಹೋಗುವುದು.

"ಏನಿದು ಮೈಲವ್ವ?"

ಮೈಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಓ ಅಂದೈತ್ರಿ," ಎಂದಳು. "ಬರಾಕ ಆಗದಿದ್ರೂ ಓ ಅಂದೈತಿ."